ಸಾಲದ ಹಣದಿಂದ ಏರಿದ ಕ್ರಿಪ್ಟೋ ಬೆಲೆಯನ್ನು ಗುರುತಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲನ್ನು, ಕಾರವಾರ, ಅಂಕೋಲಾದ ಕಡೆ ಸಂಬಳದ ಉಳಿತಾಯವನ್ನು ಕ್ರಿಪ್ಟೋ ನಾಣ್ಯಗಳಲ್ಲಿ ತೊಡಗಿಸುವ ಯುವಕರು ಸಾಮಾನ್ಯವಾಗಿ ನೋಡುವುದು ಬೆಲೆಯ ನಕ್ಷೆಯೊಂದನ್ನೇ. ಆ ಏರಿಕೆ ನಿಜವಾದ ಬೇಡಿಕೆಯಿಂದ ಬಂದದ್ದೋ, ಕೆಲವೇ ದೊಡ್ಡ ಹಿಡುವಳಿದಾರರು ಸಾಲ ಎತ್ತಿ ಉಂಟುಮಾಡಿದ್ದೋ ಎಂಬುದನ್ನು ಕೊಳ್ಳುವ ಮೊದಲೇ ಬಹುಮಟ್ಟಿಗೆ ಪರಿಶೀಲಿಸಬಹುದು. ಅದಕ್ಕೆ ಬೇಕಾದ ಮಾಹಿತಿಯ ಹೆಚ್ಚಿನ ಭಾಗ ಉಚಿತವಾಗಿಯೇ ದೊರೆಯುತ್ತದೆ.

ಮೊದಲು ತಂತ್ರವನ್ನು ಅರ್ಥಮಾಡಿಕೊಳ್ಳಬೇಕು. ಸಹಕಾರಿ ಸಂಘದಲ್ಲಿ ಅಡಿಕೆಯನ್ನು ಈಡಿಟ್ಟು ಸಾಲ ಪಡೆದ ಬೆಳೆಗಾರ ಆ ಹಣದಿಂದ ಪೇಟೆಯ ದರವನ್ನು ಏರಿಸಲಾರ, ಏಕೆಂದರೆ ಪೇಟೆ ಅವನಿಗಿಂತ ಬಹಳ ದೊಡ್ಡದು. ಚಿಕ್ಕ ಕ್ರಿಪ್ಟೋ ನಾಣ್ಯದ ಪೇಟೆಯಲ್ಲಿ ಹಾಗಿಲ್ಲ. ಅಲ್ಲಿ ನಾಣ್ಯದ ದೊಡ್ಡ ರಾಶಿಯನ್ನು ಹೊಂದಿರುವವನು ಅದನ್ನೇ ಅಡವಿಟ್ಟು ಸ್ಟೇಬಲ್‌ಕಾಯಿನ್ (ಬೆಲೆ ಡಾಲರ್‌ಗೆ ಸಮನಾಗಿ ನಿಲ್ಲುವಂತೆ ರೂಪಿಸಿದ ನಾಣ್ಯ) ಸಾಲ ಪಡೆದು, ಆ ಸಾಲದಿಂದ ಅದೇ ನಾಣ್ಯವನ್ನು ಕೊಂಡರೆ ಬೆಲೆ ಏರುತ್ತದೆ. ಬೆಲೆ ಏರಿದಂತೆ ಅಡವಿನ ಮೌಲ್ಯವೂ ಏರಿ ಇನ್ನಷ್ಟು ಸಾಲ ಸಿಗುತ್ತದೆ. ಕೊನೆಗೆ ಅವನು ನಾಣ್ಯವನ್ನು ಮಾರಬೇಕಾಗಿಯೂ ಇಲ್ಲ, ಸಾಲವನ್ನು ತೀರಿಸದೆ ಬಿಟ್ಟರೆ ಸಾಕು.

2022ರ ಅಕ್ಟೋಬರ್‌ನಲ್ಲಿ ಸೊಲಾನಾ ಎಂಬ ಕ್ರಿಪ್ಟೋ ಜಾಲದಲ್ಲಿನ ವ್ಯಾಪಾರ ಹಾಗೂ ಸಾಲದ ವೇದಿಕೆಯಾದ ಮ್ಯಾಂಗೋ ಮಾರ್ಕೆಟ್ಸ್‌ನಲ್ಲಿ ನಡೆದದ್ದು ಇದರ ಸ್ಪಷ್ಟ ರೂಪ. ಒಬ್ಬನೇ ವ್ಯಾಪಾರಿ ಎರಡು ಖಾತೆಗಳನ್ನು ತೆರೆದು, ಒಂದರಿಂದ ಮಾರಿ ಇನ್ನೊಂದರಿಂದ ಕೊಂಡು ಮ್ಯಾಂಗೋ ನಾಣ್ಯದ ದೊಡ್ಡ ಪರ್ಪೆಚುವಲ್ ಒಪ್ಪಂದವನ್ನು (ನಾಣ್ಯವನ್ನು ಕೊಳ್ಳದೆಯೇ ಅದರ ಬೆಲೆಯ ಏರಿಳಿತದ ಮೇಲೆ ಮಾಡುವ, ಕೊನೆಯ ದಿನಾಂಕವಿಲ್ಲದ ಒಪ್ಪಂದ) ಮಾಡಿಕೊಂಡ. ಬಳಿಕ ಬೇರೆ ವಿನಿಮಯ ಕೇಂದ್ರಗಳಲ್ಲಿ ಅದೇ ನಾಣ್ಯವನ್ನು ಕೊಳ್ಳುತ್ತ ಹೋದುದರಿಂದ 5 ಸೆಂಟ್‌ಗಿಂತ ಕಡಿಮೆಯಿದ್ದ ಬೆಲೆ ಒಂದು ಗಂಟೆಯೊಳಗೆ 90 ಸೆಂಟ್ ಮುಟ್ಟಿತು. ಕಾಗದದ ಮೇಲಿನ ಆ ಲಾಭವನ್ನೇ ಅಡವೆಂದು ತೋರಿಸಿ ಅವನು 11 ಕೋಟಿ ಡಾಲರ್‌ಗೂ ಹೆಚ್ಚು ಸಾಲವನ್ನು ಎತ್ತಿಕೊಂಡ. ಬರಿದಾದದ್ದು ಅಲ್ಲಿ ಠೇವಣಿ ಇಟ್ಟಿದ್ದ ಸಾಮಾನ್ಯರ ಹಣ. ಅಮೆರಿಕದಲ್ಲಿ 2024ರಲ್ಲಿ ಜ್ಯೂರಿ ಅವನನ್ನು ದೋಷಿಯೆಂದರೂ 2025ರಲ್ಲಿ ನ್ಯಾಯಾಧೀಶರು ಆ ತೀರ್ಪನ್ನು ರದ್ದುಗೊಳಿಸಿದರು. ಆದ್ದರಿಂದ ಕಾನೂನು ನಮ್ಮನ್ನು ಕಾಯುತ್ತದೆಂದು ನೆಚ್ಚಿ ಕೂರುವುದು ಅಪಾಯಕರವೆಂದು ನಾನು ದೃಢವಾಗಿ ನಂಬುತ್ತೇನೆ.

ಪರಿಶೀಲನೆಯನ್ನು ಆರ್ಡರ್ ಬುಕ್‌ನಿಂದ, ಅಂದರೆ ವಿನಿಮಯ ಕೇಂದ್ರದಲ್ಲಿ ಕಾದು ನಿಂತಿರುವ ಕೊಳ್ಳುವ, ಮಾರುವ ಆದೇಶಗಳ ಪಟ್ಟಿಯಿಂದ ಆರಂಭಿಸಿರಿ. ಈಗಿನ ಬೆಲೆಯಿಂದ ಶೇಕಡಾ 2ರಷ್ಟು ಮೇಲಕ್ಕೂ ಕೆಳಕ್ಕೂ ಎಷ್ಟು ಮೊತ್ತದ ಬೇಡಿಕೆ, ಮಾರಾಟಗಳು ನಿಂತಿವೆ ಎಂದು ಕೂಡಿಸಿ ನೋಡಿರಿ. ನಾಣ್ಯದ ಒಟ್ಟು ಮಾರುಕಟ್ಟೆ ಮೌಲ್ಯ ನೂರಾರು ಕೋಟಿ ರೂಪಾಯಿ ಎಂದು ತೋರಿಸುತ್ತಿದ್ದು, ಅಲ್ಲಿ ನಿಂತಿರುವುದು ಕೆಲವೇ ಲಕ್ಷವಾದರೆ ಆ ಬೆಲೆಯನ್ನು ಅಲ್ಪ ಹಣದಿಂದಲೇ ಅಲುಗಿಸಬಹುದು.

ಅನಂತರ ಕಾಯಿನ್‌ಗ್ಲಾಸ್‌ನಂತಹ ತಾಣದಲ್ಲಿ ಓಪನ್ ಇಂಟರೆಸ್ಟ್ (ಇನ್ನೂ ಮುಗಿಯದೆ ತೆರೆದಿರುವ ಒಪ್ಪಂದಗಳ ಒಟ್ಟು ಮೊತ್ತ) ಹಾಗೂ ಫಂಡಿಂಗ್ ದರವನ್ನು ನೋಡಬೇಕು. ಪರ್ಪೆಚುವಲ್ ಒಪ್ಪಂದಗಳಲ್ಲಿ ಸಾಮಾನ್ಯವಾಗಿ 8 ಗಂಟೆಗೊಮ್ಮೆ ಒಂದು ಪಕ್ಷ ಇನ್ನೊಂದು ಪಕ್ಷಕ್ಕೆ ಫಂಡಿಂಗ್ ಪಾವತಿಸುತ್ತದೆ. ದರ ಧನಾತ್ಮಕವಾಗಿದ್ದರೆ ಏರಿಕೆಯನ್ನು ನಂಬಿದವರು ಕೊಡುತ್ತಾರೆ, ಋಣಾತ್ಮಕವಾಗಿದ್ದರೆ ಇಳಿಕೆಯನ್ನು ನಂಬಿದವರು ಕೊಡುತ್ತಾರೆ. ನೇರ ಖರೀದಿಯ ವಹಿವಾಟು ಹೆಚ್ಚದೆ ಓಪನ್ ಇಂಟರೆಸ್ಟ್ ಮಾತ್ರ ಉಬ್ಬುತ್ತಿದ್ದು, ಫಂಡಿಂಗ್ ದರ ಯಾವುದಾದರೂ ಒಂದು ಬದಿಗೆ ಅತಿಯಾಗಿ ವಾಲಿದ್ದರೆ ಸಾಲದ ಹಣ ಒಂದೇ ಕಡೆ ಗುಂಪುಗೂಡಿದೆ ಎಂದರ್ಥ. ದೊಡ್ಡ ಹಿಡುವಳಿದಾರರಿಗೆ ಬೇಕಾದದ್ದೂ ಇದೇ ಗುಂಪು: ಬೆಲೆಯನ್ನು ಸ್ವಲ್ಪ ತಳ್ಳಿದರೆ ಸಾಕು, ಅದರ ಲಿಕ್ವಿಡೇಶನ್‌ಗಳು (ಅಡವು ಸಾಲದೆ ಹೋದಾಗ ಒಪ್ಪಂದವನ್ನು ವೇದಿಕೆಯೇ ಬಲವಂತವಾಗಿ ಮುಗಿಸುವುದು) ಒಂದರ ಹಿಂದೊಂದು ಬಿದ್ದು ಉಳಿದ ಕೆಲಸವನ್ನು ತಾವೇ ಮಾಡುತ್ತವೆ. ಹತ್ತು ಪಟ್ಟು ಲೆವರೇಜ್ ತೆಗೆದುಕೊಂಡವನ, ಅಂದರೆ ತನ್ನ ಹಣದ ಹತ್ತು ಪಟ್ಟು ಮೊತ್ತದ ವ್ಯವಹಾರ ಮಾಡಿದವನ ಮೂಲಧನ ಶೇಕಡಾ 10ರಷ್ಟು ವಿರುದ್ಧ ಚಲನೆಯಾಗುವ ಮೊದಲೇ ಅಳಿಸಿಹೋಗುತ್ತದೆ. ನಮ್ಮ ಊರಿನ ಯಾರೂ ಅದನ್ನು ಮುಟ್ಟಬಾರದೆಂಬುದು ನನ್ನ ಕಳಕಳಿಯ ಕೋರಿಕೆ.

ಮುಂದೆ, ಕ್ರಿಪ್ಟೋ ಜಾಲದ ವಹಿವಾಟುಗಳನ್ನು ಯಾರಿಗಾದರೂ ತೋರಿಸುವ ಈಥರ್‌ಸ್ಕ್ಯಾನ್ ಅಥವಾ ಸೋಲ್‌ಸ್ಕ್ಯಾನ್ ತಾಣದಲ್ಲಿ ನಾಣ್ಯದ ಹಿಡುವಳಿದಾರರ ಪಟ್ಟಿಯನ್ನು ತೆರೆಯಿರಿ. ಮೊದಲ ಸಾಲುಗಳಲ್ಲಿ ವಿನಿಮಯ ಕೇಂದ್ರಗಳ ವಾಲೆಟ್‌ಗಳೂ ಇರುತ್ತವೆ, ಅವನ್ನು ಬಿಟ್ಟು ಎಣಿಸಬೇಕು. ಉಳಿದ ಹತ್ತು ಹದಿನೈದು ವಿಳಾಸಗಳಲ್ಲೇ ನಾಣ್ಯದ ಬಹುಪಾಲು ಇದ್ದು, ಅವು ಆವೆಯಂತಹ ಸಾಲದ ವೇದಿಕೆಗಳಿಗೆ ನಾಣ್ಯವನ್ನು ಕಳುಹಿಸಿ ಸ್ಟೇಬಲ್‌ಕಾಯಿನ್ ಹೊರತೆಗೆದಿದ್ದರೆ ಎಚ್ಚರಗೊಳ್ಳಿರಿ. ಆವೆಯಲ್ಲಿ ಸಾಲಗಾರನ ಹೆಲ್ತ್ ಫ್ಯಾಕ್ಟರ್ (ಸಾಲಕ್ಕೆ ಹೋಲಿಸಿದರೆ ಅಡವು ಎಷ್ಟು ಭದ್ರವೆಂಬ ಅಳತೆ) 1ಕ್ಕಿಂತ ಕೆಳಗಿಳಿದರೆ ಅಡವು ಲಿಕ್ವಿಡೇಶನ್‌ಗೆ ತೆರೆದುಕೊಳ್ಳುತ್ತದೆ, ಆಗ ಆ ರಾಶಿ ನಿಮ್ಮ ನಾಣ್ಯದ ಬೆಲೆಯ ಮೇಲೆಯೇ ಬೀಳುತ್ತದೆ.

ಇವುಗಳಲ್ಲಿ ಎರಡು ಲಕ್ಷಣಗಳು ಒಟ್ಟಿಗೆ ಕಂಡರೂ ಕೊಳ್ಳದಿರುವುದು ಲೇಸು. ಈಗಾಗಲೇ ಕೊಂಡಿದ್ದರೆ ತೆಳುವಾದ ಆರ್ಡರ್ ಬುಕ್‌ನಲ್ಲಿ ಎಲ್ಲವನ್ನೂ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ತಕ್ಷಣ ಮಾರುವ ಆದೇಶ) ಹಾಕಿ ಒಮ್ಮೆಲೇ ಮಾರದೆ, ನೀವೇ ಬೆಲೆ ನಿಗದಿಪಡಿಸುವ ಲಿಮಿಟ್ ಆರ್ಡರ್‌ಗಳ ಮೂಲಕ ಭಾಗಭಾಗವಾಗಿ ಹೊರಬನ್ನಿರಿ. ಲಾಭದ ಮೇಲೆ ಶೇಕಡಾ 30ರ ತೆರಿಗೆ ಇದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯಲು ಅವಕಾಶವಿಲ್ಲ. ಹೀಗಾಗಿ ಪ್ರತಿಯೊಂದು ಮಾರಾಟದ ದಿನಾಂಕ, ಮೊತ್ತ ಮತ್ತು ಕಡಿತವಾದ ಟಿಡಿಎಸ್ ಅನ್ನು ಆಯಾ ದಿನವೇ ಬರೆದಿಡಿರಿ.