ಕಿಲ್ಟಿಗೆ ಚೌಕಳಿ ಅಂಗಿ ಆರಿಸುವಾಗ

ಹೋದ ಸೆಪ್ಟೆಂಬರಿನ ಮೊದಲ ಶನಿವಾರ ಸ್ಕಾಟ್ಲೆಂಡಿನ ಬ್ರೇಮಾರ್ ಊರಿನ ಕ್ರೀಡಾಕೂಟಕ್ಕೆ ಹೊರಟಾಗ ನನ್ನ ಮೊಮ್ಮಗ ಮೆಟ್ಟಿಲಿಳಿದು ಬಂದು, "ಆಯಿ, ಹೆಂಗ ಕಾಣ್ತೀನಿ?" ಅಂತ ಕೇಳಿದ. ಸೊಂಟಕ್ಕೆ ಕಿಲ್ಟ್, ಅಂದರೆ ಅಲ್ಲಿನ ಗಂಡಸರು ಉಡುವ ನೆರಿಗೆಯ ಲಂಗ. ಮನೆತನಕ್ಕೋ ಸೈನ್ಯದ ಪಡೆಗೋ ಒಂದೊಂದು ಬಣ್ಣದ ಚೌಕಳಿ ಇರುತ್ತದೆ, ಅದಕ್ಕೆ ಟಾರ್ಟನ್ ಅನ್ನುತ್ತಾರೆ. ಇದು ಅವರಪ್ಪನ ಮನೆತನದ ಗೋರ್ಡನ್ ಟಾರ್ಟನ್ನಿನದು, ಎಂಟು ಗಜ ಉಣ್ಣೆ ಬಟ್ಟೆ, ಒಂದೊಂದು ನೆರಿಗೆಯನ್ನೂ ಕೈಯಲ್ಲಿ ಹೊಲಿದದ್ದು. ಅದರ ಮೇಲೆ ಅಂಗೈಯಗಲದ ಕೆಂಪು-ಕಪ್ಪು ಚೌಕಳಿಯ ದೊಗಳೆ ಅಂಗಿ! ಮರ ಕಡಿಯುವವರ ಅಂಗಿ ಅದು, ತೆಗೀ ಅಂದೆ. ಕೊಟ್ಟ ದುಡ್ಡು ಕೇಳಿದ ಮೇಲಂತೂ ಇನ್ನಷ್ಟು ಸಿಟ್ಟು ಬಂತು. ಆ ದುಡ್ಡಿಗೆ ನಾನು ಒಳ್ಳೆಯವು ಮೂರು ತಂದುಕೊಡುತ್ತಿದ್ದೆ.

ಅವನೊಬ್ಬನೇ ಅಲ್ಲ. ಹಗಲು ಹೊತ್ತಿನ ಮದುವೆಗೆ ಟ್ವೀಡ್ ಅನ್ನುವ ಒರಟು ಉಣ್ಣೆ ಬಟ್ಟೆಯ ಕೋಟಿನೊಳಗೆ ರಾತ್ರಿ ಔತಣದ ಬಿಳಿ ಗರಿಗರಿ ಅಂಗಿ ತೊಟ್ಟು ಬರುವವರನ್ನು ನೋಡಿದ್ದೇನೆ. ಅಡಿಯಿಂದ ಮುಡಿಯವರೆಗೆ ಕಪ್ಪು ಹಾಕಿಕೊಂಡವರನ್ನೂ ನೋಡಿದ್ದೇನೆ. ಕಪ್ಪು ಅಂಗಿ ಟಾರ್ಟನ್ನಿನ ಬಣ್ಣವನ್ನೆಲ್ಲ ನುಂಗಿಬಿಡುತ್ತದೆ. ಟ್ವೀಡ್, ಉಣ್ಣೆಯ ಕಾಲುಚೀಲ, ಕಿಲ್ಟಿನ ಮುಂದೆ ನೇತಾಡುವ ಸ್ಪೋರನ್ ಅನ್ನುವ ಸಾದಾ ಚರ್ಮದ ಚೀಲ, ಇವು ಹಗಲಿನ, ಹಳ್ಳಿಗಾಡಿನ ಉಡುಪು. ಇವಕ್ಕೆ ಕೆನೆಬಣ್ಣದ ಮೇಲೆ ಸಣ್ಣ ಗೆರೆಗಳ ಚೌಕಳಿ ಅಂಗಿಯೇ ಸರಿ. ಟ್ಯಾಟರ್ಸಾಲ್ ಅಂತ ಕೇಳಿದರೆ ಅಂಗಡಿಯವರು ತೋರಿಸುತ್ತಾರೆ. 1766ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಟ್ಯಾಟರ್ಸಾಲ್ ಅನ್ನುವವನು ಕುದುರೆ ಹರಾಜಿನ ವ್ಯಾಪಾರ ಶುರು ಮಾಡಿದ. ಅಲ್ಲಿ ಕುದುರೆಗಳಿಗೆ ಹೊದಿಸುತ್ತಿದ್ದ ಕಂಬಳಿಯ ಚೌಕಳಿ ಇದು, ಅಂಗಿಗೂ ಬಂತು, ಹೆಸರೂ ಉಳಿಯಿತು.

ಅಂಗಿಯ ಚೌಕಳಿಯ ಒಂದೊಂದು ಮನೆಯೂ ನಿಮ್ಮ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಿರಬೇಕು. ಕಿಲ್ಟಿನಲ್ಲೇ ದೊಡ್ಡ ದೊಡ್ಡ ಮನೆಗಳಿರುವಾಗ ಅಂಗಿಯಲ್ಲೂ ಅಷ್ಟೇ ದೊಡ್ಡವು ಬಂದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ.

ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ನೋಡಿ. ಹಾಸು ಹೊಕ್ಕಿನಲ್ಲೇ ನೇಯ್ದ ಚೌಕಳಿ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಅಚ್ಚು ಹಾಕಿದ್ದಾದರೆ ಒಳಗಡೆ ಮಾಸಲು. ಅಚ್ಚಿನದು ಬೇಡವೇ ಬೇಡ. ಹತ್ತಿ ಪೂರ್ತಿ ಹತ್ತಿಯೇ ಇರಲಿ. ಚಳಿಗಾಲಕ್ಕೆ ನವಿರಾಗಿ ಜುಂಗೆಬ್ಬಿಸಿದ ಹತ್ತಿ ಬರುತ್ತದೆ, ಬೆಚ್ಚಗಿರುತ್ತದೆ. ಧರ್ಮಾರ್ಥ ಸಂಸ್ಥೆಗಳ ಹಳೇ ಬಟ್ಟೆ ಅಂಗಡಿಗಳಿಗೆ ಹೋಗಲು ಈಗಿನವರಿಗೆ ನಾಚಿಕೆ. ವಿಯೆಲ್ಲಾ ಅನ್ನುವ ಬಟ್ಟೆಯ ಹಳೆಯ ಅಂಗಿ ನನಗೆ ಸಿಕ್ಕಿದ್ದು ಅಲ್ಲೇ. ನೂರಕ್ಕೆ 55 ಪಾಲು ಉಣ್ಣೆ, 45 ಪಾಲು ಹತ್ತಿ, ಮೈಗೆ ಹಾಕಿಕೊಂಡರೆ ಬಿಚ್ಚಲು ಮನಸ್ಸು ಬಾರದು. ಹಳೆಯದನ್ನು ಕೊಳ್ಳುವ ಮೊದಲು ಕಾಲರಿನ ಮಡಿಕೆಯ ಮೇಲೆ ಹೆಬ್ಬೆರಳು ಎಳೆಯಿರಿ. ಒರಟಾಗಿ ತಾಕಿದರೆ ಸವೆದಿದೆ ಅಂತ ಅರ್ಥ. ಸವೆದಿದ್ದರೂ ಕಾಲರ್ ಬಿಚ್ಚಿ ಮಗುಚಿ ಹೊಲಿಯಲು ಬರುವವರಿಗೆ ಅಡ್ಡಿಯಿಲ್ಲ.

ಇನ್ನು ಉದ್ದ. ಪ್ಯಾಂಟಿನ ಹಾಗೆ ಕಿಲ್ಟು ಸೊಂಟದ ಕೆಳಗೆ ಜಾರಿ ಕೂರುವುದಿಲ್ಲ, ಹೊಕ್ಕುಳಿನ ಮಟ್ಟಕ್ಕೆ ಬರುತ್ತದೆ. ಹೊರಗೆ ಬಿಟ್ಟುಕೊಳ್ಳಲೆಂದು ಹೊಲಿದ ಗಿಡ್ಡ ಅಂಗಿಯನ್ನು ಅದರೊಳಗೆ ಸಿಕ್ಕಿಸಿದರೆ, ಕುಣಿತದಲ್ಲಿ ಕೈ ಎತ್ತಿದಾಗ ಸುತ್ತಲೂ ಈಚೆ ಬರುತ್ತದೆ. ಹಿಂದಿನ ಅಂಚು ಕುಂಡೆ ಪೂರ್ತಿ ಮುಚ್ಚುವಷ್ಟು ಇಳಿಬಿದ್ದಿರಬೇಕು, ಕೆಳಗೆ ದುಂಡಗಿರಬೇಕು. ಹೆಸರು ನೋಡಿ ದುಡ್ಡು ಕೊಡಬೇಡಿ, ಈ ಉದ್ದ ನೋಡಿ ಕೊಡಿ.

ಬಣ್ಣ ಹೊಂದಿಸುವ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಇದು ನಮ್ಮವ್ವನಿಂದ ಬಂದ ವಿದ್ಯೆ. ಇಳಕಲ್ ಸೀರೆಗೆ ಕುಪ್ಪಸದ ಖಣ ತರಲು ಅವಳು ಗುಳೇದಗುಡ್ಡಕ್ಕೆ ಹೋಗುವಾಗ ಸೀರೆ ಹೊತ್ತೊಯ್ಯುತ್ತಿರಲಿಲ್ಲ. ಸೆರಗಿನ ತುದಿಯ ಕುಚ್ಚಿನಿಂದ ಒಂದೆರಡು ಎಳೆ ಕಿತ್ತು ಬೆರಳಿಗೆ ಸುತ್ತಿಕೊಂಡು ಹೋಗುತ್ತಿದ್ದಳು. ಅಂಗಡಿಯವನು ಹತ್ತು ಖಣ ಬಿಚ್ಚಿ ಹಾಸಿದರೂ ಗದ್ದಿಗೆಯ ಮೇಲೆ ನೋಡುತ್ತಿರಲಿಲ್ಲ, ಎತ್ತಿಕೊಂಡು ಹೊರಗಿನ ಕಟ್ಟೆಗೆ ಬಂದು ಬೆರಳನ್ನು ಅದರ ಮೇಲಿಟ್ಟು ನೋಡುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಬಿಸಿಲಲ್ಲಿ ನಿಂತು ಕಲಿತದ್ದು ಅದು.

ಕಿಲ್ಟ್ ಹೊಲಿದವರಲ್ಲಿ ಒಂದು ಚೂರು ಬಟ್ಟೆ ಉಳಿದೇ ಇರುತ್ತದೆ, ಕೇಳಿ ತನ್ನಿ. ಕಿಲ್ಟಿನಿಂದಲೇ ಎಳೆ ಕೀಳಲು ಹೋಗಬೇಡಿ, ಕೈ ಮುರಿದೇನು! ಆ ಚೂರಿನಿಂದ ಪ್ರತಿ ಬಣ್ಣದ ಎಳೆಯನ್ನೂ ಸೂಜಿಮೊನೆಯಲ್ಲಿ ಬಿಡಿಸಿ, ಬೆರಳುದ್ದದ ಬಿಳಿ ರಟ್ಟಿನ ಪಟ್ಟಿಗೆ ಒತ್ತೊತ್ತಾಗಿ ಸುತ್ತಿ. ಎಷ್ಟು ಸುತ್ತು ಅಂದರೆ, ಟಾರ್ಟನ್ನಿನಲ್ಲಿ ಯಾವ ಬಣ್ಣ ಎಷ್ಟಿದೆಯೋ ಅಷ್ಟು. ನಮ್ಮ ಗೋರ್ಡನ್ನಿಗೆ ನೀಲಿ, ಹಸಿರು, ಕಪ್ಪು ಧಾರಾಳ, ಹಳದಿ ಮಾತ್ರ ಎರಡೇ ಸುತ್ತು. ಬ್ಲ್ಯಾಕ್ ವಾಚ್ ಅನ್ನುವ ಹಳೆಯ ಸೈನ್ಯದ ಟಾರ್ಟನ್ನೇ ಇದರ ಮೂಲ, 1794ರಲ್ಲಿ ಕಟ್ಟಿದ ಗೋರ್ಡನ್ ಪಡೆಗೆ ಅದರ ಮೇಲೆ ಹಳದಿ ಗೆರೆ ಬಂತು. ಮೆಕೆಂಜಿಯವರದೂ ಅದೇ ಮೂಲದ್ದು, ಅದರಲ್ಲಿ ಬಿಳಿ, ಕೆಂಪು ಗೆರೆ. ಆ ತೆಳುಗೆರೆಯೇ ಮುಖ್ಯ. ಅಂಗಿಯ ಗೆರೆ ಆ ತೆಳುಗೆರೆಯ ಬಣ್ಣ ಹಿಡಿಯಬೇಕು, ಎರಡನೆಯ ಗೆರೆ ಬೇಕಾದರೆ ಹಸಿರೋ ನೀಲಿಯೋ ಇರಲಿ. ಗೋರ್ಡನ್ನಿಗೆ ಸಾಸಿವೆ ಹಳದಿ, ಮೆಕೆಂಜಿಗೆ ಇಟ್ಟಿಗೆ ಕೆಂಪು. ತೆಳುಗೆರೆಯೇ ಇಲ್ಲದ ಬ್ಲ್ಯಾಕ್ ವಾಚಿಗೆ ಯಾವುದಾದರೂ ನಡೆಯುತ್ತದೆ.

ಪಟ್ಟಿಯ ಕೊನೆಗೆ ಕೋಟಿನ ಟ್ವೀಡಿನದೊಂದು ಎಳೆ, ಕಾಲುಚೀಲದ ಉಣ್ಣೆಯದೊಂದು ಎಳೆ ಸುತ್ತಿಟ್ಟುಕೊಳ್ಳಿ. ಅಂಗಡಿಗೆ ಹೋಗುವುದು ಹನ್ನೊಂದು ಗಂಟೆಯ ಸುಮಾರಿಗೆ. ಡಿಸೆಂಬರಿನಲ್ಲಿ ಉತ್ತರ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನ ಕಡೆ ಮಧ್ಯಾಹ್ನ 3.30ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಆಮೇಲೆ ದೀಪದ ಬೆಳಕಿನಲ್ಲಿ ಕೆನೆಬಣ್ಣವೂ ಹಳದಿ, ಹಳದಿಯೂ ಹಳದಿ. ಕೇಳಿಕೊಂಡು ಅಂಗಿಯನ್ನು ಬಾಗಿಲ ಬಳಿ ತನ್ನಿ. ನೇರ ಬಿಸಿಲು ಬೇಡ, ಮೋಡದ ಬೆಳಕು ಉತ್ತಮ, ಅದಕ್ಕೆ ಸ್ಕಾಟ್ಲೆಂಡಿನಲ್ಲಿ ಕೊರತೆಯಿಲ್ಲ. ಪಟ್ಟಿಯನ್ನು ಅಂಗಿಯ ಎದೆಯ ಮೇಲಿಟ್ಟು ತೋಳುದ್ದ ದೂರ ಹಿಡಿದು ಕಣ್ಣು ಅರ್ಧ ಮುಚ್ಚಿ. ಎರಡೂ ಕಡೆಯ ಹಳದಿ ಒಂದಕ್ಕೊಂದು ಕೂಡಿಕೊಂಡರೆ ತಗೊಳ್ಳಿ. ಅಂಗಿಯ ಗೆರೆ ಮೊದಲು ಕಣ್ಣಿಗೆ ಹಾರಿತೋ, ಎಷ್ಟು ಅಗ್ಗವಿದ್ದರೂ ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಅಂಗಿಯನ್ನು ಯಾರ ಕೈಗಾದರೂ ಕೊಟ್ಟು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಚೌಕಳಿ ಕರಗಿ ಒಂದೇ ತಿಳಿಬಣ್ಣವಾಗಿ ಕಂಡರೆ ಅದು ನಿಮ್ಮ ಅಂಗಿ. ಮಗಳು ಫೋನಿನಲ್ಲಿ ಚಿತ್ರ ತೆಗೆದು ಹೊಂದಿಸುತ್ತೇನೆ ಅನ್ನುತ್ತಾಳೆ. ಫೋನು ತನಗೆ ಬೇಕಾದ ಬಣ್ಣ ತೋರಿಸುತ್ತದೆ. ಹಾಗೆ ತರಿಸಿದ ಎರಡು ಅಂಗಿ ಕಪಾಟಿನಲ್ಲಿ ಕೊಳೆಯುತ್ತಿವೆ.

ಕಪಾಟು ಅಂದಾಗ ನೆನಪಾಯಿತು. ಕಿಲ್ಟನ್ನು ಒಂದು ಸಲ ಉಟ್ಟ ಕೂಡಲೇ ಒಗೆಯಲು ಕೊಡಬೇಡಿ, ಗಾಳಿಗೆ ಹಾಕಿ ಬ್ರಷ್ ಮಾಡಿದರೆ ಸಾಕು. ತಿಂಗಳುಗಟ್ಟಲೆ ಇಡುವುದಾದರೆ ನೆರಿಗೆಗಳಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಇಡಿ. ನುಸಿ ಬಿದ್ದ ಮೇಲೆ ಅತ್ತರೆ ಆಗುವುದಿಲ್ಲ.

ಇಂಥ ಅಂಗಿ ಅಗ್ಗಕ್ಕೆ ಸಿಗುವ ಕಾಲ ಬೇರೆಯೇ ಇದೆ. ಫೆಸೆಂಟ್ ಹಕ್ಕಿಗಳ ಬೇಟೆ ಫೆಬ್ರವರಿ 1ಕ್ಕೆ ಮುಗಿಯುತ್ತದೆ, ಬೇಟೆಯವರ ಬಟ್ಟೆ ಮಾರುವ ಅಂಗಡಿಗಳು ಉಳಿದ ಮಾಲಿಗೆ ಆಗ ಬೆಲೆ ಇಳಿಸುತ್ತವೆ. ಜೂನಿನಲ್ಲಿ ಎಡಿನ್‌ಬರೋ ಹತ್ತಿರ ಇಂಗ್ಲಿಸ್ಟನ್ನಿನ ರಾಯಲ್ ಹೈಲ್ಯಾಂಡ್ ಶೋಗೆ ಹೋದರೆ, ರೈತರ ಬಟ್ಟೆಯ ಮಳಿಗೆಗಳಲ್ಲಿ ಹುಡುಕಿ. ಎರಡು ಮೂರು ಒಟ್ಟಿಗೆ ತಗೊಂಡರೆ ಚೌಕಾಸಿಗೂ ಎಡೆಯುಂಟು. ಮದುವೆಗೆ ವಾರವಿದ್ದಾಗ ಓಡುವವರಿಗೆ ಇದೆಲ್ಲ ಸಿಗದು.

ಮೊಮ್ಮಗನಿಗೆ ಹೇಳಿದ್ದೇನೆ: ಪಟ್ಟಿ ನನ್ನ ಹೊಲಿಗೆ ಸಾಮಾನಿನ ಬಿಸ್ಕತ್ತಿನ ಡಬ್ಬಿಯಲ್ಲಿದೆ, ಗುಂಡಿಗಳ ಕೆಳಗೆ. ತಮ್ಮಾ, ಹೋಗುವಾಗ ಒಯ್ಯಿ, ಬಂದ ಮೇಲೆ ಅಲ್ಲೇ ಇಡು.