ಅಂಗಡಿ ಕಸದ ಚಿನ್ನ: ನಾವು ಪಾದರಸ ಬಿಟ್ಟಿದ್ದು

ಮೈಸೂರಿನ ಅಶೋಕ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಕ್ಕಸಾಲಿಗಳ ಅಂಗಡಿಯ ಕಸ ಕೊಂಡು, ಅದರಿಂದ ಚಿನ್ನ ತೆಗೆಯುವುದು ನಮ್ಮ ಕಸುಬು. ಹಳಬರು ಇಂಥವರನ್ನು ಜಲಗಾರ ಅಂತಿದ್ದರು. ಈಗ ಆ ಮಾತಿಗೆ ಬೀದಿ ಗುಡಿಸುವವರು ಅನ್ನೋ ಅರ್ಥವೇ ಜಾಸ್ತಿ. ಹೊಳೆ ಮರಳು ತೊಳೆದು ಚಿನ್ನ ತೆಗೆಯುವವರ ಕೆಲಸವೂ ನಮ್ಮದೂ ಹೆಚ್ಚುಕಡಿಮೆ ಒಂದೇ. ಅಪಾಯವೂ ಒಂದೇ, ಪಾದರಸ.

ಮಾವ ಕಲಿಸಿದ್ದು ಹೀಗೆ. ಕಸ ಸುಟ್ಟು, ಜರಡಿ ಹಿಡಿದು, ತೊಳೆದು, ಉಳಿದ ಪುಡಿಗೆ ಪಾದರಸ ಹಾಕಿ ಉಜ್ಜಬೇಕು. ಚಿನ್ನದ ಕಣ ಅದಕ್ಕೆ ಅಂಟುತ್ತದೆ. ಬಟ್ಟೆಯಲ್ಲಿ ಹಿಂಡಿದರೆ ಬೆಣ್ಣೆಯಂಥ ಬಿಳಿ ಉಂಡೆ. ಅದನ್ನು ಅಗ್ಗಿಷ್ಟಿಕೆಯಲ್ಲಿ ಕಾಯಿಸಿದರೆ ಪಾದರಸ ಹಾರಿ ಚಿನ್ನ ಉಳಿಯುತ್ತದೆ. ಹಾರಿ ಎಲ್ಲಿಗೆ ಹೋಗುತ್ತೆ ಅಂತ ನಾನೂ ಕೇಳಲಿಲ್ಲ, ಮಾವನೂ ಹೇಳಲಿಲ್ಲ. ನೈಟ್ರಿಕ್ ಆಸಿಡ್ಡಿನ ಕಂದು ಹೊಗೆಯಾದರೆ ಕೆಮ್ಮು ಬಂದು ಹೊರಗೆ ಓಡುತ್ತೀವಿ. ಪಾದರಸದ ಹಬೆಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮಾವನ ಕೈ ನಡುಗತೊಡಗಿತು. ಟೀ ಲೋಟ ಹಿಡಿದರೆ ತುಳುಕುತ್ತಿತ್ತು. ಸುಮ್ನೆ ರೇಗುತ್ತಿದ್ದರು. ಕೇಳಿದರೆ “ವಯಸ್ಸಾಯ್ತು ಕಣೋ” ಅನ್ನುತ್ತಿದ್ದರು. ಆಗ ಅವರಿಗೆ 52. ಡಾಕ್ಟರು ಮೊದಲು ಕೇಳಿದ್ದೇ “ಏನು ಕೆಲಸ ಮಾಡ್ತೀರಿ” ಅಂತ. ಮೂತ್ರ ಪರೀಕ್ಷೆಯಲ್ಲಿ ಪಾದರಸ ಜಾಸ್ತಿ ಇತ್ತು. ನನ್ನದರಲ್ಲೂ ಇತ್ತು. ಅಗ್ಗಿಷ್ಟಿಕೆಯ ಪಕ್ಕದ ಕೋಣೆಯಲ್ಲೇ ಮಗು ಮಲಗಿಸುತ್ತಿದ್ದೆವು.

ಮೊದಲು ನಾನು ಮಾಡಿದ್ದೆಲ್ಲ ಪೆದ್ದ ಕೆಲಸ. ಮೂಗಿಗೆ ಟವೆಲ್ ಕಟ್ಟಿಕೊಂಡು ಕಾಯಿಸಿದೆ. ಬಟ್ಟೆಯಾಗಲಿ, ಧೂಳಿನ ಮಾಸ್ಕ್ ಆಗಲಿ ಆ ಹಬೆ ತಡೆಯುವುದಿಲ್ಲ. ನೆಲದ ಹನಿಗಳನ್ನು ಪೊರಕೆಯಲ್ಲಿ ಗುಡಿಸಿದೆ. ಅದು ಇನ್ನೂ ದೊಡ್ಡ ತಪ್ಪು. ಒಂದು ಹನಿ ನೂರಾಗಿ ಸಂದಿ ಸೇರುತ್ತದೆ, ಕಾಯಿಸದಿದ್ದರೂ ಆವಿಯಾಗುತ್ತಲೇ ಇರುತ್ತದೆ. ಕೊನೆಗೆ ಕಿಟಕಿ ಬಾಗಿಲು ತೆರೆದು, ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದು, ಹೊಳೆಯುವ ಹನಿಗಳನ್ನು ರಟ್ಟಿನಲ್ಲಿ ಎತ್ತಿ ನೀರಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿದೆ. ಸಂದಿ ಸೇರಿದ್ದರ ಹಬೆ ಕಡಿಮೆಯಾಗಲಿ ಅಂತ ಅಲ್ಲಿಗೆ ಗಂಧಕದ ಪುಡಿ ಉದುರಿಸಿದೆ.

ಈಗ ನಮ್ಮದು ಬಿಳಿಗಾರದ, ಅಂದರೆ ಬೊರಾಕ್ಸ್‌ನ ದಾರಿ. ಫಿಲಿಪೈನ್ಸ್‌ನ ಬೆಂಗೆಟ್ ಕಡೆಯ ಸಣ್ಣ ಗಣಿಗಾರರು ಪಾದರಸ ಇಲ್ಲದೆ ಹೀಗೇ ಚಿನ್ನ ತೆಗೆಯುತ್ತಾರೆ ಅಂತ ತಿಳಿದಾಗ ನಗು ಬಂತು. ಬಿಳಿಗಾರ ನಮ್ಮ ಬೆಸುಗೆ ಡಬ್ಬಿಯಲ್ಲೇ ಇತ್ತಲ್ಲ! ಪುಡಿಯನ್ನು ಮರಿಗೆಯಲ್ಲಿ ಇನ್ನೆರಡು ಸಲ ಜಾಲಿಸಬೇಕು. ಒಣಗಿಸಿ ಅಯಸ್ಕಾಂತ ಆಡಿಸಿದರೆ ಅರದಿಂದ ಉದುರಿದ ಕಬ್ಬಿಣ ಹೋಗುತ್ತದೆ. ಉಳಿದದ್ದಕ್ಕೆ ಬಿಳಿಗಾರ ಬೆರೆಸಿ ಮೂಸೆಯಲ್ಲಿ ಕರಗಿಸಿದರೆ ಕೊಳೆ ಗಾಜಿನ ಹಾಗೆ ಮೇಲೆ ತೇಲುತ್ತದೆ, ಚಿನ್ನ ಗುಂಡಾಗಿ ತಳದಲ್ಲಿ ಕೂರುತ್ತದೆ. ಅಪ್ಪಟ ಚಿನ್ನ ಕರಗಲು 1064 ಡಿಗ್ರಿ ಬೇಕು, ಹಾಗಾಗಿ ಗ್ಯಾಸ್ ಖರ್ಚು ಜಾಸ್ತಿ. ಕೆಡಿಎಂ, ಅಂದರೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಚೂರು ಸೇರಿದ್ದರೆ ಕ್ಯಾಡ್ಮಿಯಂ ಹೊಗೆ ಏಳುತ್ತದೆ, ಅದೂ ವಿಷವೇ. ಅದಕ್ಕೇ ಕುಲುಮೆಯನ್ನು ತಾರಸಿಗೆ ಸಾಗಿಸಿದೆ. ಹೊಗೆ ಮುಖಕ್ಕೆ ಬರದ ಹಾಗೆ ಗಾಳಿ ನೋಡಿಕೊಂಡು ನಿಲ್ಲುತ್ತೇನೆ. ಕಸ ಸುಡುವುದೂ ಅಲ್ಲೇ.

ಜಾಲಿಸುವಾಗ ಅವಸರ ಮಾಡಿದರೆ ನವಿರು ಕಣ ನೀರಿನ ಜೊತೆ ಹೋಗಿಬಿಡುತ್ತದೆ. ಮೊದಲ ತಿಂಗಳು ನಾನು ಕಳೆದುಕೊಂಡಿದ್ದೂ ಹಾಗೇ. ಈಗ ಆ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ತಳದ ಕೆಸರನ್ನು ಮತ್ತೆ ತೊಳೆಯುತ್ತೇವೆ. ಮಾವನ ನಡುಕ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬೆಸುಗೆಗೆ ಕೂರುವುದಿಲ್ಲ. ಮರಿಗೆ ಮಾತ್ರ ನನ್ನ ಕೈಯಿಂದ ಕಿತ್ತುಕೊಳ್ಳುತ್ತಾರೆ: “ನೀನು ಅವಸರಗೇಡಿ, ಇಲ್ಲಿ ಕೊಡು.”