ಜ್ಞಾನತಾಯಿಯ ಹೆಸರು ಹಿಡಿದು ಐರೀಸ್‌ವರೆಗೆ

ನನ್ನ ಅತ್ತೆಗೆ ತಮ್ಮ ಮುತ್ತಜ್ಜನ ಬಗ್ಗೆ ಗೊತ್ತಿದ್ದದ್ದು ಇಷ್ಟೇ. ಹೆಸರು ಜೆರಮಾಯಾ, ಮನೆತನ ಸಲಿವನ್, ಹೆಂಡತಿ ನೋರಾ, ಊರು ಕಾರ್ಕ್. ಐರ್ಲೆಂಡಿನ ಕಾರ್ಕ್ ಕೌಂಟಿಯಲ್ಲಿ ಸಲಿವನ್ ಅನ್ನೋರನ್ನು ಹುಡುಕುವುದು ಅಂದರೆ ಮಂಡ್ಯದಲ್ಲಿ ಗೌಡರನ್ನು ಹುಡುಕಿದ ಹಾಗೆ.

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಮದುವೆಯಾಗಿ ಬಂದದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ಗೆ, ಲೋವೆಲ್‌ನ ಒಂದು ಐರಿಷ್ ಮೂಲದ ಮನೆಗೆ. ನಮ್ಮ ಕಡೆ ಮೂಲ ಊರು ಯಾವುದು ಅಂತ ಕೇಳಿದರೆ ಯಾರಾದರೂ ಒಬ್ಬ ಹಿರಿಯರು ಹೇಳಿಬಿಡುತ್ತಾರೆ. ಇಲ್ಲಿ ಹೇಳುವವರು ಯಾರೂ ಉಳಿದಿರಲಿಲ್ಲ. ಅತ್ತೆಗೆ ಎಂಬತ್ತು ಹತ್ತಿರವಾಗಿತ್ತು. "ನಾನು ಹೋಗೋದರೊಳಗೆ ಆ ಊರಿನ ಹೆಸರು ಗೊತ್ತಾದರೆ ಸಾಕು" ಅಂದರು. ಅದಕ್ಕೆ ಎರಡು ವರ್ಷ ಹಿಡಿಯಿತು.

ಮೊದಲ ಆರು ತಿಂಗಳು ನಾನು ತಪ್ಪು ದಾರಿಯಲ್ಲಿದ್ದೆ. ನೇರವಾಗಿ ಐರ್ಲೆಂಡಿನ ದಾಖಲೆಗೆ ಕೈ ಹಾಕಿದೆ. ಕಾರ್ಕ್ ಧರ್ಮಪ್ರಾಂತ್ಯದ, ಅಂದರೆ ಅಲ್ಲಿನ ಬಿಷಪ್ಪರ ಕೈಕೆಳಗಿನ ಸೀಮೆಯ, ಚರ್ಚುಗಳ ರಿಜಿಸ್ಟರ್‌ನಲ್ಲಿ ವಯಸ್ಸು ಹೊಂದುವ ಒಬ್ಬ ಜೆರಮಾಯಾ ಸಿಕ್ಕ. ಇವನೇ ಅಂದುಕೊಂಡು ಅತ್ತೆಗೂ ಹೇಳಿಬಿಟ್ಟೆ. ಅವರು ಬಂಧುಗಳಿಗೆಲ್ಲ ಫೋನ್ ಮಾಡಿದರು. ಆಮೇಲೆ ಅದೇ ಹುಡುಗ ಎರಡು ವರ್ಷಕ್ಕೇ ತೀರಿಕೊಂಡಿದ್ದು ಗೊತ್ತಾಯಿತು. ಅದನ್ನು ಅತ್ತೆಗೆ ಹೇಳಿದ ಸಂಜೆ ನನಗೆ ಇನ್ನೂ ನೆನಪಿದೆ.

ಹಾಗಾಗಿ ಮತ್ತೆ ಇಂದಿನಿಂದ ಹಿಂದಕ್ಕೆ ಹೊರಟೆ. ಅಮೆರಿಕದ ಜನಗಣತಿಯ ಹಾಳೆಗಳು 72 ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ಸಿಗುತ್ತವೆ. 1950ರದ್ದು 2022ರಲ್ಲಿ ಬಂತು. ಅದರಲ್ಲಿ ಐದು ವರ್ಷದ ಮಗುವಾಗಿ ನಮ್ಮ ಅತ್ತೆಯೇ ಇದ್ದಾರೆ! ಅಲ್ಲಿಂದ ಹತ್ತತ್ತು ವರ್ಷ ಹಿಂದಕ್ಕೆ, ಒಂದೊಂದೇ ಮೆಟ್ಟಿಲು. ಒಂದನ್ನೂ ಹಾರಿಸಬಾರದು.

1900ರ ಹಾಳೆಯಲ್ಲಿ ಮುತ್ತಜ್ಜ ಸಿಕ್ಕರು. ಆ ವರ್ಷದ ಗಣತಿಯಲ್ಲಿ ಹುಟ್ಟಿದ ತಿಂಗಳು, ವಲಸೆ ಬಂದ ವರ್ಷ ಎಲ್ಲ ಕೇಳಿದ್ದರು. ಬಂದದ್ದು 1872 ಅಂತ ಇತ್ತು. ನನ್ನ ಕಣ್ಣು ನಿಂತದ್ದು ನೋರಾಳ ಸಾಲಿನ ಎರಡು ಅಂಕಿಗಳ ಮೇಲೆ. ಹೆತ್ತ ಮಕ್ಕಳು 9, ಬದುಕಿರುವವರು 5. ಅತ್ತೆಯ ಮನೆಯವರಿಗೆ ಗೊತ್ತಿದ್ದದ್ದು ಐದೇ ಹೆಸರು. ಉಳಿದ ನಾಲ್ವರು 1880ರ ಗಣತಿ ಆದ ಮೇಲೆ ಹುಟ್ಟಿ, 1900ರದ್ದು ಬರೋ ಮೊದಲೇ ಹೋಗಿದ್ದರು. ನಡುವಿನ 1890ರ ಗಣತಿ ನೋಡೋಣ ಅಂದರೆ, 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಅದರ ಬಹುಪಾಲು ಹಾಳಾಗಿದೆ.

ಆ ಇಪ್ಪತ್ತು ವರ್ಷದ ಕಂದಕ ತುಂಬಿದ್ದು ಚರ್ಚಿನ ರಿಜಿಸ್ಟರ್. ಲೋವೆಲ್‌ನ ಸೇಂಟ್ ಪ್ಯಾಟ್ರಿಕ್ ಚರ್ಚ್ 1831ರಿಂದ ಇದೆ. ಬಟ್ಟೆ ಗಿರಣಿಗೆ, ಕಾಲುವೆ ಕೆಲಸಕ್ಕೆ ಬಂದ ಐರಿಷ್ ಜನರ ಚರ್ಚ್ ಅದು. ಬಾಸ್ಟನ್ ಧರ್ಮಪ್ರಾಂತ್ಯದ ಹಳೆಯ ರಿಜಿಸ್ಟರ್‌ಗಳ ಚಿತ್ರಗಳು ಈಗ ಆನ್‌ಲೈನ್‌ನಲ್ಲಿವೆ. ಒಂಬತ್ತು ಮಕ್ಕಳ ದೀಕ್ಷಾಸ್ನಾನದ, ಅಂದರೆ ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ಶಾಸ್ತ್ರದ, ದಾಖಲೆಯೂ ಸಿಕ್ಕಿತು. ಡೇನಿಯಲ್ ಅಂತ ಇಬ್ಬರಿದ್ದಾರೆ. ಮೊದಲನೆಯವನು ಹೋದ ಮೇಲೆ ಮತ್ತೊಬ್ಬ ಮಗನಿಗೆ ಅದೇ ಹೆಸರಿಟ್ಟಿದ್ದಾರೆ. ಇದು ಐರಿಷ್ ಮನೆಗಳಲ್ಲಿ ತುಂಬ ಕಾಣುತ್ತದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡುವ ವಾಡಿಕೆಯೂ ನಮ್ಮಲ್ಲಿ ಇರುವ ಹಾಗೇ ಅವರಲ್ಲೂ ಇತ್ತು. ಹಾಗಾದರೆ ಮುತ್ತಜ್ಜನ ಅಪ್ಪ ಡೇನಿಯಲ್ ಇರಬಹುದು ಅಂತ ಒಂದು ಮೂಲೆಯಲ್ಲಿ ಬರೆದಿಟ್ಟುಕೊಂಡೆ. ಮುತ್ತಜ್ಜನ ಮದುವೆಯ ಸರ್ಕಾರಿ ದಾಖಲೆಯಲ್ಲಿ ಅದೇ ಹೆಸರು ಬಂತು, ಅಮ್ಮನ ಹೆಸರು ಕ್ಯಾಥರೀನ್ ಅಂತಲೂ ಇತ್ತು. ಮರಣ ದಾಖಲೆಗಿಂತ ಮದುವೆ ದಾಖಲೆಯನ್ನು ನಾನು ಜಾಸ್ತಿ ನಂಬುತ್ತೇನೆ. ಮದುವೆಯಲ್ಲಿ ಅಪ್ಪ ಅಮ್ಮನ ಹೆಸರು ಹೇಳುವವನು ಮದುಮಗನೇ. ಸತ್ತಾಗ ಹೇಳುವವರು ಆ ಅಜ್ಜ ಅಜ್ಜಿಯ ಮುಖವನ್ನೇ ನೋಡದ ಮಕ್ಕಳು.

ಊರು ಮಾತ್ರ ಎಲ್ಲ ಕಡೆ "ಐರ್ಲೆಂಡ್", ಅಷ್ಟೇ.

ದೀಕ್ಷಾಸ್ನಾನದ ಪ್ರತಿ ಸಾಲಿನ ಕೊನೆಯಲ್ಲಿ ಜ್ಞಾನತಂದೆ, ಜ್ಞಾನತಾಯಿಯ ಹೆಸರು ಇರುತ್ತದೆ. ಆ ಶಾಸ್ತ್ರದಲ್ಲಿ ಮಗುವಿನ ಪರವಾಗಿ ಹೊಣೆ ಹೊತ್ತು ನಿಲ್ಲುವವರು ಅವರು. ಮೊದಲ ಸಲ ಓದುವಾಗ ನಾನು ಅದನ್ನು ದಾಟಿಕೊಂಡು ಹೋಗಿದ್ದೆ. ಎರಡನೇ ಸಲ ಒಂಬತ್ತು ಸಾಲನ್ನೂ ಒಂದು ಹಾಳೆಗೆ ಇಳಿಸಿಕೊಂಡಾಗ ಮೂರು ಕಡೆ ಒಂದೇ ಹೆಸರು ಕಂಡಿತು: ಮೇರಿ ಹ್ಯಾರಿಂಗ್ಟನ್. ನೋರಾಳ ತವರಿನ ಹೆಸರೂ ಹ್ಯಾರಿಂಗ್ಟನ್ನೇ. 1880ರ ಗಣತಿ ಮತ್ತೆ ತೆಗೆದೆ. ಎರಡು ಮನೆ ಆಚೆ ಒಬ್ಬ ಮೇರಿ, ಗಂಡ ಮಕ್ಕಳ ಜೊತೆ. ಹುಡುಕುತ್ತಾ ಹೋದಾಗ ಸ್ಮಶಾನದಲ್ಲಿ ಅವಳ ಗೋರಿಕಲ್ಲು ಸಿಕ್ಕಿತು. ಕಲ್ಲಿನ ಮೇಲೆ ಹಾವಸೆ ಹಿಡಿದಿತ್ತು. ನೀರು ಹಾಕಿ ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿದಾಗ ಕೆಳಗಿನ ಸಾಲು ನಿಧಾನಕ್ಕೆ ಎದ್ದು ಬಂತು: ಕಾರ್ಕ್ ಕೌಂಟಿ, ಐರೀಸ್ ಪ್ಯಾರಿಷ್‌ನವಳು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಸೀಮೆ. ಐರೀಸ್ ಇರುವುದು ಬೇರಾ ಪರ್ಯಾಯ ದ್ವೀಪದಲ್ಲಿ, ಅಟ್ಲಾಂಟಿಕ್ ಅಂಚಿಗೆ. ಸಲಿವನ್ನರೂ ಹ್ಯಾರಿಂಗ್ಟನ್ನರೂ ಒಟ್ಟಿಗೆ ತುಂಬಿರುವ ಸೀಮೆ ಅದು. ಕೌಂಟಿ ಕಾರ್ಕ್ ಆದರೂ ಚರ್ಚಿನ ಲೆಕ್ಕದಲ್ಲಿ ಅದು ಕೆರ್ರಿ ಧರ್ಮಪ್ರಾಂತ್ಯಕ್ಕೆ ಸೇರುತ್ತದೆ. ನಾನು ಆರು ತಿಂಗಳು ಕಾರ್ಕ್ ಧರ್ಮಪ್ರಾಂತ್ಯದಲ್ಲಿ ಹುಡುಕಿದ್ದು ಯಾಕೆ ವ್ಯರ್ಥವಾಯಿತು ಅಂತ ಆಗ ಅರ್ಥವಾಯಿತು.

ಐರ್ಲೆಂಡಿನಲ್ಲಿ ಹಳೆಯ ಗಣತಿಯ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. 1821ರಿಂದ 1851ರವರೆಗಿನ ಹಾಳೆಗಳು ಬಹುತೇಕ 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿ ಸುಟ್ಟುಹೋದವು. 1861, 1871ರದ್ದನ್ನು ಸರ್ಕಾರವೇ ನಾಶ ಮಾಡಿಸಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾಯಿತು. ಪೂರ್ತಿ ಉಳಿದ ಹಳೆಯ ಗಣತಿ ಅಂದರೆ 1901 ಮತ್ತು 1911ರದ್ದು. ಜನನದ ಸರ್ಕಾರಿ ನೋಂದಣಿ ಶುರುವಾದದ್ದೇ 1864ರಲ್ಲಿ. ಅದಕ್ಕೂ ಮೊದಲಿನವರಿಗೆ ಚರ್ಚಿನ ರಿಜಿಸ್ಟರೇ ಗತಿ. ಕ್ಯಾಥೊಲಿಕ್ ರಿಜಿಸ್ಟರ್‌ಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಪುಕ್ಕಟೆಯಾಗಿ ಆನ್‌ಲೈನ್‌ನಲ್ಲಿ ಹಾಕಿತು. ಅವರ ಉಪಕಾರ ಎಷ್ಟು ನೆನೆದರೂ ಸಾಲದು.

ಓದುವುದು ಮಾತ್ರ ಕಷ್ಟ. ಮಸುಕು ಶಾಯಿ, ಪಾದ್ರಿಯ ಅವಸರದ ಬರಹ, ಎಷ್ಟೋ ಕಡೆ ಹೆಸರು ಲ್ಯಾಟಿನ್‌ನಲ್ಲಿ. ಜೇಮ್ಸ್ ಅಲ್ಲಿ ಜಾಕೋಬಸ್, ವಿಲಿಯಂ ಅಲ್ಲಿ ಗುಲಿಯೆಲ್ಮಸ್. ನೋರಾ ಅನ್ನುವವಳು ಹೊನೋರಾ. ಜೆರಮಾಯಾ ಅನ್ನೋದು ಡಿಯರ್ಮಿಡ್ ಅನ್ನುವ ಐರಿಷ್ ಹೆಸರಿಗೆ ಇಟ್ಟುಕೊಂಡ ಇಂಗ್ಲಿಷ್ ಹೆಸರು, ಅದನ್ನೇ ಡಾರ್ಬಿ ಅಂತಲೂ ಬರೆಯುತ್ತಿದ್ದರು. ಇದು ಗೊತ್ತಿಲ್ಲದಿದ್ದರೆ ನಾನು ಅವರನ್ನು ದಾಟಿ ಹೋಗುತ್ತಿದ್ದೆ. ಯಾಕೆಂದರೆ ಐರೀಸ್ ರಿಜಿಸ್ಟರ್‌ನಲ್ಲಿ ಇರುವುದು ಡಾರ್ಬಿಯೇ. ಡೇನಿಯಲ್ ಸಲಿವನ್‌ಗೆ ಹುಟ್ಟಿದ ಡಾರ್ಬಿಗಳು ಎರಡು ವರ್ಷದೊಳಗೇ ಇಬ್ಬರು ಸಿಕ್ಕರು. ಒಬ್ಬನ ಅಮ್ಮ ಮಾತ್ರ ಕ್ಯಾಥರೀನ್. ತಾಯಿಯ ತವರಿನ ಹೆಸರನ್ನೂ ಬರೆದಿಡುವ ಈ ಪದ್ಧತಿ ಇರದಿದ್ದರೆ ಅವಳ ಉಳಿದ ಮಕ್ಕಳನ್ನು ಬೇರೆ ಸಲಿವನ್ನರಿಂದ ಬಿಡಿಸಿಕೊಳ್ಳಲು ಆಗುತ್ತಲೇ ಇರಲಿಲ್ಲ. ಬದಿಯಲ್ಲಿ ಚಿಕ್ಕದಾಗಿ ಟೌನ್‌ಲ್ಯಾಂಡ್‌ನ ಹೆಸರು ಕೂಡ ಇತ್ತು. ಟೌನ್‌ಲ್ಯಾಂಡ್ ಅಂದರೆ ನಮ್ಮ ಹಳ್ಳಿಗಿಂತ ಚಿಕ್ಕದು, ಕೆಲವು ಮನೆ, ಒಂದಷ್ಟು ಹೊಲ.

ಆ ಟೌನ್‌ಲ್ಯಾಂಡ್‌ನ 1901ರ ಗಣತಿಯಲ್ಲಿ ಅದೇ ಅಪ್ಪ ಅಮ್ಮನ ಹಿರಿಮಗ, ಮುತ್ತಜ್ಜನ ಅಣ್ಣ, ಇನ್ನೂ ಅಲ್ಲೇ ಇದ್ದರು. ವಯಸ್ಸು 56. ಭಾಷೆ: ಐರಿಷ್ ಮತ್ತು ಇಂಗ್ಲಿಷ್. 1911ರಲ್ಲಿ ವಯಸ್ಸು 71! ರಿಜಿಸ್ಟರ್ ಪ್ರಕಾರ ಅವರು ಹುಟ್ಟಿದ್ದು 1846ರಲ್ಲಿ. 1909ರಲ್ಲಿ ಎಪ್ಪತ್ತು ದಾಟಿದವರಿಗೆ ಪಿಂಚಣಿ ಶುರುವಾಗಿತ್ತು, ಹಾಗಾಗಿ ಐರ್ಲೆಂಡಿನಾದ್ಯಂತ ಎಷ್ಟೋ ಜನರ ವಯಸ್ಸು ಹತ್ತು ವರ್ಷದಲ್ಲಿ ಹದಿನೈದು ಏರಿದೆ. ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ಆಲೂಗಡ್ಡೆ ಬರದ ನಡುವೆ ಹುಟ್ಟಿ ಉಳಿದ ಮಗು ಅದು. ಹುಟ್ಟಿದ ದಿನ ಬರೆದಿಟ್ಟವರು ಪಾದ್ರಿ ಒಬ್ಬರೇ.

1901ರ ಫಾರಂನ ಕೆಳಗೆ ಸಹಿ ಇಲ್ಲ. ಒಂದು ಗುಣಾಕಾರದ ಗುರುತು, ಪಕ್ಕದಲ್ಲಿ ಬೇರೆಯವರ ಕೈಬರಹದಲ್ಲಿ ಅವರ ಹೆಸರು. ಅತ್ತೆ ಕನ್ನಡಕ ಹಾಕಿಕೊಂಡು ಆ ಗುರುತನ್ನು ಬಹಳ ಹೊತ್ತು ನೋಡಿದರು. ಟೌನ್‌ಲ್ಯಾಂಡ್‌ನ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಪರ್ಸ್‌ನಲ್ಲಿಟ್ಟುಕೊಂಡರು.

ಆ ಮನೆಯ ಒಬ್ಬ ತಂಗಿ ಎಲ್ಲಿ ಹೋದಳು ಅಂತ ಇನ್ನೂ ಸಿಕ್ಕಿಲ್ಲ. ಬೇರಾದ ಅಲಿಹೀಸ್ ತಾಮ್ರದ ಗಣಿಯ ಸೀಮೆಯಿಂದ ತುಂಬ ಜನ ಮೊಂಟಾನಾದ ಬ್ಯೂಟ್ ಗಣಿಗಳಿಗೆ ಹೋಗಿದ್ದರು. ಬ್ಯೂಟ್‌ನ 1900ರ ಗಣತಿಯನ್ನು ಈಗ ಹಾಳೆ ಹಾಳೆಯಾಗಿ ನೋಡುತ್ತಿದ್ದೇನೆ. ಜೊತೆಗೆ ಅಲ್ಲಿನ ಚರ್ಚುಗಳ ಜ್ಞಾನತಾಯಂದಿರ ಹೆಸರನ್ನೂ ಬರೆದುಕೊಳ್ಳುತ್ತಿದ್ದೇನೆ.